ಒಳಗೆ ಬಿಟ್ಟ ಎರಡಿಂಚು

ನಮ್ಮೂರಿನಲ್ಲಿ ಯಾವ ಮನೆಯಲ್ಲಿ ಯಾರು ವಾದದಲ್ಲಿ ಸೋತರು ಎಂಬುದು ಮೊದಲು ಗೊತ್ತಾಗುವುದು ಟೈಲರಿಗೆ. ಸೋಮವಾರ ಬೆಳಿಗ್ಗೆ ಹಿಟ್ಟಿನ ಗಿರಣಿಯ ಚನ್ನವೀರಪ್ಪ ಪ್ಯಾಂಟಿನ ತುದಿಯನ್ನು ಹಿಮ್ಮಡಿಯಲ್ಲಿ ತುಳಿಯುತ್ತಾ ಅಂಗಡಿಗೆ ಬರುತ್ತಾರೆ. "ದತ್ತಣ್ಣ, ಇದನ್ನ ಅರ್ಧ ಇಂಚು ಮೇಲಕ್ಕೆ ಮಡಚಿಬಿಡಪ್ಪ. ಬಟ್ಟೆ ಹಿಗ್ಗಿಬಿಟ್ಟಿದೆ" ಎನ್ನುತ್ತಾರೆ. "ಹೌದು ಸ್ವಾಮಿ, ಈಗಿನ ಬಟ್ಟೆಗಳೇ ಹಾಗೆ" ಎನ್ನುತ್ತೇನೆ. ಮಂಗಳವಾರ ಅವರ ಮಗ ಬರುತ್ತಾನೆ. ಅವನ ಪ್ಯಾಂಟು ಅರ್ಧ ಇಂಚು ಮೇಲೆ ನಿಂತು ಕಾಲುಚೀಲದ ತೂತನ್ನು ಊರಿಗೆಲ್ಲ ತೋರಿಸುತ್ತಿರುತ್ತದೆ. "ಬಟ್ಟೆ ಕುಗ್ಗಿದೆ ದತ್ತಣ್ಣ" ಎನ್ನುತ್ತಾನೆ. "ಹೌದಪ್ಪ, ಈಗಿನ ಬಟ್ಟೆಗಳೇ ಹಾಗೆ" ಎನ್ನುತ್ತೇನೆ. ಒಂದೇ ಥಾನಿನ ಬಟ್ಟೆ ಅಪ್ಪನ ಮೈಮೇಲೆ ಹಿಗ್ಗಿ ಮಗನ ಮೈಮೇಲೆ ಕುಗ್ಗುವುದು ಹೇಗೆ ಎಂದು ಕೇಳುವವನು ನಮ್ಮೂರಿನಲ್ಲಿ ಅಂಗಡಿ ನಡೆಸಲಾರ. ಅಪ್ಪ ಮಗನನ್ನು ಒಂದೇ ದಿನ ಅಂಗಡಿಗೆ ಕರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಸೂಜಿಗೆ ದಾರ ಪೋಣಿಸುವುದು ಎರಡನೆಯದು.

ಇಲ್ಲಿ ಮಕ್ಕಳು ಹತ್ತು ವರ್ಷದವರೆಗೆ ಅನ್ನ ತಿಂದು ಬೆಳೆಯುತ್ತಾರೆ. ಆಮೇಲೆ ಬೆಳೆಯುವುದು ಮಾತಿನಿಂದ. ಮನೆಯ ಹಿರಿಯರು ಕಿರಿಯರಿಗೆ "ನೀನು ಹೇಳಿದ್ದೇ ಸರಿ" ಎಂದು ಒಪ್ಪಿದರೆ ಹಿರಿಯರಿಂದ ಅರ್ಧ ಇಂಚು ಇಳಿದು ಕಿರಿಯರಿಗೆ ಏರುತ್ತದೆ. ಬರೀ ಬಾಯಿಮಾತಿಗೆ ಒಪ್ಪಿದರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮನಸ್ಸು ಒಪ್ಪಿಬಿಟ್ಟಿತೋ, ಬಾಯಿಗೆ ಬೀಗ ಹಾಕಿಕೊಂಡಿದ್ದರೂ ತಪ್ಪಿಸಿಕೊಳ್ಳಲಾಗದು. ಅಂಚೆ ಕಚೇರಿಯ ಹಿಂದಿನ ಬೀದಿಯ ಅಂಬುಜಮ್ಮನವರು ಸೊಸೆ ಮಾಡಿದ ಹುಳಿಯನ್ನು ಎರಡನೇ ಸಲ ಬಡಿಸಿಕೊಂಡು "ಉಪ್ಪು ಮುಂದಾಯ್ತು" ಎಂದು ಮುಖ ಸಿಂಡರಿಸುತ್ತಿರುವಾಗಲೇ ಊಟದ ಮೇಜು ಅವರ ಎದೆಯಿಂದ ಅರ್ಧ ಇಂಚು ಮೇಲೆ ಬಂತಂತೆ. ಸೊಸೆ ಇದ್ದುದಕ್ಕಿಂತ ತುಸು ಎತ್ತರದಲ್ಲಿ ನಿಂತು ನಕ್ಕಳಂತೆ.

ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನನ್ನು ನೋಡುವ ಮೊದಲು ಹುಡುಗನ ಅಪ್ಪನನ್ನು ನೋಡುತ್ತಾರೆ. ಆಸಾಮಿ ಬಾಗಿಲಿಗೆ ತಲೆ ತಾಗಿಸಿಕೊಂಡು ಬಂದರೆ ಉಪ್ಪಿಟ್ಟು ಬರುವ ಮೊದಲೇ ಎದ್ದುಬಿಡುತ್ತಾರೆ. ಆ ಮನೆಯಲ್ಲಿ ಮಗಳಿಗೆ ಏಳಿಗೆಯಿಲ್ಲ ಎನ್ನುವುದಕ್ಕೆ ಬೇರೆ ಜಾತಕ ಬೇಕೆ? ತಲೆಮಾರು ಎಂಬ ಮಾತಿನಲ್ಲಿ ತಲೆಯೂ ಇದೆ, ಅಳೆಯುವ ಮಾರೂ ಇದೆ. ಆ ಪದ ಕಟ್ಟಿದವನು ನಮ್ಮೂರಿನ ಟೈಲರೇ ಇರಬೇಕು ಎಂದು ನನ್ನ ಗುಮಾನಿ.

ಊರಿನಲ್ಲಿ ಒಂದಿಂಚೂ ಬಿಟ್ಟುಕೊಡದ ಗಂಡಸರು ಇಬ್ಬರೇ ಎಂದು ಹೆಸರಾಗಿತ್ತು. ಒಬ್ಬರು ಪುರಸಭೆಯ ಅಧ್ಯಕ್ಷ ಮರಿಸ್ವಾಮಪ್ಪ. ಹೆಸರಿನಲ್ಲಷ್ಟೇ ಮರಿ, ಎತ್ತರ ಆರಡಿ ಮೂರಿಂಚು. ಅವರ ಮೂವರು ಗಂಡುಮಕ್ಕಳಿಗೂ ನಲವತ್ತು ದಾಟಿದೆ, ಮೂವರಿಗೂ ಗಿರಿಜಾ ಮೀಸೆಯಿದೆ, ಮೂವರೂ ರೆಡಿಮೇಡ್ ಅಂಗಡಿಯ ಮಕ್ಕಳ ವಿಭಾಗದಲ್ಲಿ ಷರಟು ಕೊಳ್ಳುತ್ತಾರೆ. ದೊಡ್ಡವನ ಷರಟಿನ ಗುಂಡಿಗಳ ಮೇಲೆ ಆನೆಮರಿ ಇದೆ.

ಇನ್ನೊಬ್ಬರು ನಮ್ಮಪ್ಪ, ಟೈಲರ್ ಮಾಸ್ಟರ್ ಪಾಂಡೋಜಿ. ಎಪ್ಪತ್ತೊಂಬತ್ತು ವರ್ಷ, ನೆಟ್ಟಗೆ ಆರಡಿ.

ಅಂಗಡಿಯ ಬೋರ್ಡಿನಲ್ಲಿ "ಪಾಂಡೋಜಿ ಅಂಡ್ ಸನ್" ಎಂದಿದೆ. ಸನ್ ಎಂದರೆ ನಾನು. ಬೋರ್ಡಿನಲ್ಲಿ ಅಪ್ಪ ಎರಡಡಿ ಉದ್ದ, ನಾನು ಆರಿಂಚು. ನಿಜಜೀವನದಲ್ಲಿ ನಾನು ಐದಡಿ ಎರಡಿಂಚು. ಕತ್ತರಿಸುವ ಮೇಜಿನ ಹಿಂದಿನ ಗೋಡೆಯಲ್ಲಿ ನಮ್ಮ ತಾತ ಹೊಡೆದ ಒಂದು ಮೊಳೆಯಿದೆ. ಅವರು ತಾಳೆಮರದಂಥ ಮನುಷ್ಯ, ಮೊಳೆಯನ್ನು ತಮ್ಮ ಕೈಯಳತೆಗೆ ಹೊಡೆದರು. ಅದರಲ್ಲಿ ಅಂಗಡಿಯ ದೊಡ್ಡ ಕತ್ತರಿ ತೂಗುತ್ತದೆ. ಸ್ಟೂಲು ಹತ್ತದೆ ಯಾರ ಕೈಗೆ ಕತ್ತರಿ ಎಟುಕುತ್ತದೋ ಅವರೇ ಬಟ್ಟೆ ಕತ್ತರಿಸಬೇಕು, ಉಳಿದವರು ಹೊಲಿಯಬೇಕು. ಇದು ನಮ್ಮ ಅಂಗಡಿಯ ಕಾನೂನು. ಈ ಕಾನೂನಿನ ಕೆಳಗೆ ನಾನು ಮೂವತ್ತು ವರ್ಷದಿಂದ ಗುಂಡಿ ಹಚ್ಚುತ್ತಿದ್ದೇನೆ. ಪ್ರತಿ ಬೆಳಿಗ್ಗೆ "ಅಪ್ಪಾ, ಕತ್ತರಿ" ಎನ್ನುತ್ತೇನೆ. ಅವರು ಕೈ ಎತ್ತಿ, ಮೊಳೆಯಿಂದ ಬಿಡಿಸಿ, "ನೋಡ್ಕೋ, ಕೈ ಅಂದ್ರೆ ಹೀಗಿರಬೇಕು" ಎನ್ನುತ್ತಾರೆ. ಬಟ್ಟೆಯನ್ನು ಅವರೇ ಕತ್ತರಿಸಿ, ಸಂಜೆ ಅವರೇ ಕತ್ತರಿಯನ್ನು ಮೇಲಕ್ಕೆ ಸಿಕ್ಕಿಸುತ್ತಾರೆ.

ನನಗೆ ಆ ಕತ್ತರಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಬಾಯಿಂದ ಒಂದೇ ಒಂದು ಸಲ "ದತ್ತ, ನೀನು ಹೇಳಿದ್ದು ಸರಿ ಕಣೋ" ಎಂಬ ಮಾತು ಬೇಕಿತ್ತು. ಐವತ್ತೆರಡು ವರ್ಷ ಕಾದಿದ್ದೆ. ಉಂಡೆನೋ ಬಿಟ್ಟೆನೋ ಎಂದು ಕೇಳಿದ್ದುಂಟು, ಜ್ವರ ಬಂದಾಗ ಹಣೆ ಮುಟ್ಟಿದ್ದುಂಟು. ಸರಿ ಅಂದದ್ದು ಮಾತ್ರ ಇಲ್ಲ.

ಅಪ್ಪನ ವೇಷಭೂಷಣದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕರೀ ಕೋಟು, ನೆಲ ಗುಡಿಸುವ ಬೆಲ್‌ಬಾಟಂ ಪ್ಯಾಂಟು, ಅದರೊಳಗೆ ಹುದುಗಿದ ಬೂಟು. ಅಮ್ಮ ಹೋದಮೇಲೆ ಅವರು ಮಲಗುವುದು ಅಂಗಡಿಯ ಹಿಂದಿನ ಕೋಣೆಯಲ್ಲೇ, ಊಟದ ಕ್ಯಾರಿಯರ್ ಮನೆಯಿಂದ ಬರುತ್ತದೆ. ಆದ್ದರಿಂದ ಅವರ ಬೂಟು ಬಿಚ್ಚಿದ ಕಾಲನ್ನು ನಾವು ನೋಡಿ ವರ್ಷಗಳಾಗಿದ್ದವು. ಕೇಳಿದರೆ "ಸಿಮೆಂಟು ನೆಲ, ಕಾಲು ಸೆಳೆಯುತ್ತೆ" ಎನ್ನುವರು. ಬೆಲ್‌ಬಾಟಂ ಬಗ್ಗೆ ಕೇಳಿದರೆ "ಫ್ಯಾಷನ್ ವಾಪಸ್ ಬರುತ್ತೆ, ನಾನು ಇಲ್ಲೇ ನಿಂತು ಕಾಯ್ತಿದ್ದೀನಿ" ಎನ್ನುವರು. ಅವರ ಬಟ್ಟೆಯನ್ನು ಅವರೇ ಹೊಲಿದುಕೊಳ್ಳುತ್ತಿದ್ದರು. ಹೆತ್ತ ತಂದೆಗೆ ಟೇಪು ಹಿಡಿಯುವುದು ನಮ್ಮಲ್ಲಿ ಕೈ ಮಾಡಿದಷ್ಟೇ ಮರ್ಯಾದೆಗೇಡು.

ನನ್ನ ಮಗಳ ಹೆಸರು ಇಂಚರ, ಈಗ ಇಪ್ಪತ್ಮೂರು ವರ್ಷ. ಹೆಸರಿಡುವಾಗ ಹಕ್ಕಿಯ ದನಿ ಎಂದುಕೊಂಡಿದ್ದೆವು, ಆದರೆ ಅವಳ ಕಣ್ಣು ಮೊದಲಿಂದಲೂ ಇಂಚಿನ ಮೇಲೇ. ಹನ್ನೊಂದನೇ ವಯಸ್ಸಿಗೇ ಶುರು ಹಚ್ಚಿಕೊಂಡಳು. "ಅಪ್ಪ, ನನ್ನ ಲಂಗಕ್ಕೆ ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿ. ನಾನು ಬೆಳೆದಾಗ ಬಿಚ್ಚಿದ್ರಾಯ್ತು, ಹೊಸದು ಯಾಕೆ?" ಎಂದಳು. ದಿನಕ್ಕೊಂದು ಅಳತೆ ಬದಲಾಗುವ ಊರಿನಲ್ಲಿ ಇಂಥ ಸರಳ ಮಾತು ಯಾವ ಟೈಲರಿಗೂ ಹೊಳೆದಿರಲಿಲ್ಲ. ನಾನು ಒಪ್ಪಿದೆ. ಒಪ್ಪಿದವನು ಸುಮ್ಮನಿರದೆ ಅಪ್ಪನ ಹತ್ತಿರ ಹೋಗಿ, ಇನ್ನು ಮೇಲೆ ಎಲ್ಲರ ಬಟ್ಟೆಗೂ ಒಳಗೆ ಎರಡಿಂಚು ಬಿಡೋಣ ಎಂದೆ.

"ಒಳಗೆ ಬಟ್ಟೆ ಬಿಡೋದು ಅಂದ್ರೆ ಟೈಲರಿಗೆ ಅಳತೆ ಬರಲ್ಲ ಅಂತ ಒಪ್ಕೊಂಡ ಹಾಗೆ" ಎಂದರು ಅಪ್ಪ. "ನನ್ನ ಕತ್ತರಿ ಅಂದಾಜಿಗೆ ಆಡಲ್ಲ."

ಅಲ್ಲಿಂದ ಮುಂದೆ ಇದೇ ನಮ್ಮ ಮನೆಯ ದಾರಿಯಾಯಿತು. ಇಂಚರ ಏನಾದರೂ ಹೇಳುತ್ತಾಳೆ, ಎರಡು ದಿನ ಕಿತ್ತಾಡಿ ನಾನು ಒಪ್ಪುತ್ತೇನೆ, ಅದನ್ನೇ ನನ್ನದೆಂಬಂತೆ ಅಪ್ಪನ ಮುಂದೆ ಇಡುತ್ತೇನೆ, ಅಪ್ಪ "ಆಗಲ್ಲ" ಎನ್ನುತ್ತಾರೆ. ವಿಚಿತ್ರವೆಂದರೆ ಇಷ್ಟು ಸಲ ಒಪ್ಪಿದರೂ ನನ್ನ ಪ್ಯಾಂಟು ಒಂದು ದಿನಕ್ಕಿಂತ ಹೆಚ್ಚು ಕಾಲ ನೆಲ ಮುಟ್ಟಲಿಲ್ಲ. ಇವತ್ತು ಇಳಿದ ಹಾಗೆ ಕಾಣುವುದು, ನಾಳೆ ನೋಡಿದರೆ ಇದ್ದಲ್ಲೇ ಇರುವುದು. ಇಂಚರ ಮಾತ್ರ ನನ್ನ ತಲೆಯ ಮೇಲಿಂದ ಗೋಡೆ ಗಡಿಯಾರ ನೋಡುವಷ್ಟು ಬೆಳೆದಳು.

"ನೀವು ಬಾಯಲ್ಲಿ ಒಪ್ಪೋರು ಕಣ್ರೀ" ಎಂದು ನನ್ನ ಹೆಂಡತಿ ಸುಲೋಚನಾ ಹಂಗಿಸುತ್ತಿದ್ದಳು. "ಮಗು ಬೆಳೆದಿರೋದೆಲ್ಲ ನನ್ನ ಎತ್ತರದಿಂದ."

ಅಳೆದು ನೋಡೋಣವೆಂದರೆ ಆಗದು. ಅವಳು ಸೀರೆ ಉಡುವವಳು. ನೆರಿಗೆಯಲ್ಲಿ ಒಂದು ಮಡಿಕೆ ಹೆಚ್ಚು ಸಿಕ್ಕಿಸಿದರೆ ಅರ್ಧ ಇಂಚೇನು, ಅರ್ಧ ಅಡಿಯೂ ಮುಚ್ಚಿಹೋಗುತ್ತದೆ. ಸೀರೆ ಉಟ್ಟವರ ಸತ್ಯ ಟೈಲರಿಗೆ ಸಿಗುವುದಿಲ್ಲ.

ಇರಲಿ, ಮೊನ್ನೆಯ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸಂಜೆ ಮೇಜಿನ ಮೇಲೆ ಒಂದು ಹಸಿರು ಚೂಡಿದಾರ ಇತ್ತು. ಇಂಚರ ಅದಕ್ಕೆ ಜೇಬು ಇಡಬೇಕು ಎಂದು ಪಟ್ಟು ಹಿಡಿದಿದ್ದಳು.

"ಹೆಂಗಸರ ಬಟ್ಟೆಗೆ ಜೇಬಾ?" ಅಪ್ಪ ಕನ್ನಡಕ ತೆಗೆದರು. "ಅದರಲ್ಲಿ ಏನಿಡ್ತೀರಮ್ಮ?"

"ತಾತ, ನಿನ್ನ ಕೋಟಿನ ಜೇಬಲ್ಲಿ ಏನಿದೆ, ತೆಗಿ ನೋಡೋಣ."

ಅಪ್ಪ ತೆಗೆದರು. ಸೀಮೆಸುಣ್ಣದ ಚೂರು, ಎರಡು ಲವಂಗ, ಯಾರದೋ ಒಂದು ಗುಂಡಿ, ಬಸ್ಸಿನ ಹಳೇ ಟಿಕೆಟ್ಟು, ಅರ್ಧ ಪೆಪ್ಪರ್‌ಮಿಂಟು.

"ಹಾಂ, ಅದೇ ಇಡ್ತೀವಿ" ಎಂದಳು ಇಂಚರ. "ಇದಕ್ಕೆ ಗಂಡಸೇ ಆಗ್ಬೇಕಾ?"

ನನಗೆ ನಗು ತಡೆಯಲಾಗಲಿಲ್ಲ. "ಅವಳು ಹೇಳೋದ್ರಲ್ಲಿ ತಪ್ಪೇನಿದೆ ಅಪ್ಪಾ? ಕೈ ಅವರಿಗೂ ಎರಡಿವೆ. ಇನ್ಮೇಲೆ ಜೇಬು ಇಡೋಣ" ಎಂದೆ.

"ಈ ಕತ್ತರಿ ನನ್ನ ಕೈಯಲ್ಲಿ ಇರೋತನಕ ಇಲ್ಲ" ಎಂದು ಅಪ್ಪ ಅದನ್ನು ಮೊಳೆಗೆ ಸಿಕ್ಕಿಸಿ, ಬೂಟು ಟಕಟಕ ಎನ್ನಿಸುತ್ತ ಹಿಂದಿನ ಕೋಣೆಗೆ ಹೋದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷ ಮರಿಸ್ವಾಮಪ್ಪ ತಲೆ ಬಗ್ಗಿಸಿಕೊಂಡು ಒಳಗೆ ಬಂದರು. ನಮ್ಮ ಬಾಗಿಲಿಗಾದರೂ ತಲೆ ಬಗ್ಗಿಸುತ್ತಾರಲ್ಲ ಎಂದು ನಮಗೆ ಹೆಮ್ಮೆ. ಏಳನೇ ಸಲ ಚುನಾವಣೆಗೆ ನಿಲ್ಲುತ್ತಿದ್ದರು, ಅರ್ಜಿ ಹಾಕುವ ದಿನಕ್ಕೆ ಹೊಸ ಕೋಟು ಬೇಕಿತ್ತು.

"ಮಕ್ಕಳು ಬೇಡ ಅಂತಾವೆ ಮಾಸ್ಟ್ರೇ" ಎಂದರು ಕುರ್ಚಿಯಲ್ಲಿ ಕೂತು. "ದೊಡ್ಡೋನು ಹೇಳ್ತಾನೆ, ಅಪ್ಪಾಜಿ ಈ ಸಲ ನಾನು ನಿಲ್ತೀನಿ ಅಂತ. ಮೈಕು ಎಟುಕುತ್ತೇನೋ ಮಗನೇ ಅಂದೆ!" ಎಂದು ಗಹಗಹಿಸಿದರು. "ಈ ಊರಲ್ಲಿ ತಲೆ ಎತ್ತಿ ನಿಂತಿರೋರು ಅಂದ್ರೆ ನಾನು, ನೀವು. ಅಷ್ಟೇ. ಕತ್ತರಿಸಿ ಮಾಸ್ಟ್ರೇ, ನಿಮ್ಮ ಕೈಯಿಂದಲೇ."

ಅಪ್ಪ ಬಟ್ಟೆ ಹರಡಿದರು. ನಾನು ಎಂದಿನಂತೆ "ಅಪ್ಪಾ, ಕತ್ತರಿ" ಎಂದೆ.

ಅಪ್ಪ ಕೈ ಎತ್ತಿದರು. ಬೆರಳ ತುದಿ ಕತ್ತರಿಯ ಹಿಡಿಯ ಕೆಳಗೆ ಗಾಳಿಯನ್ನು ಗೀರಿ ವಾಪಸ್ಸು ಬಂತು. ಮತ್ತೆ ಎತ್ತಿದರು. ಬೂಟಿನ ತುದಿಯ ಮೇಲೆ ನಿಂತರು. ಒಂದು ಕಡ್ಡಿಯಷ್ಟು ಸಾಲದು. ಅವರ ಕಿವಿ ಕೆಂಪಾಗುವುದನ್ನು ನಾನು ನೋಡಿದೆ. ಮೂವತ್ತು ವರ್ಷದಿಂದ ಯಾವ ಗಳಿಗೆಗಾಗಿ ಕಾದಿದ್ದೆನೋ ಅದು ಎದುರಿಗೇ ನಿಂತಿತ್ತು. ನನ್ನ ಬಾಯಿಂದ ಹೊರಟ ಮಾತು ಮಾತ್ರ ಬೇರೆಯೇ ಆಯಿತು.

"ಅಯ್ಯೋ, ಮರೆತೇಬಿಟ್ಟೆ ಅಪ್ಪಾ. ಕತ್ತರಿ ಸಾಣೆಗೆ ಕೊಡ್ಬೇಕಿತ್ತು. ಅಧ್ಯಕ್ಷರೇ, ನಾಳೆ ಬನ್ನಿ."

"ಸಾಣೆನೂ ಇಲ್ಲ ಗೀಣೆನೂ ಇಲ್ಲ" ಎಂದರು ಅಪ್ಪ. ನನ್ನ ಕರುಣೆ ಅವರಿಗೆ ಕತ್ತರಿಗಿಂತ ಚೂಪಾಗಿ ತಾಗಿತೆಂದು ಕಾಣುತ್ತದೆ. ಗೋಡೆಗೆ ಒಂದು ಕೈ ಊರಿ ಎಗರಿಯೇ ಬಿಟ್ಟರು. ಕೋಟಿನ ತೋಳಿನ ತುದಿ ಕತ್ತರಿಯ ಮೊನೆಗೆ ಸಿಕ್ಕಿತು. ಚರ್ರನೆ ಹೊಲಿಗೆ ಬಿಚ್ಚಿತು. ಕತ್ತರಿ ಅಲ್ಲೇ ತೂಗಾಡುತ್ತಿತ್ತು. ಕೋಟಿನ ತೋಳು ಮಾತ್ರ ಉದ್ದವಾಗುತ್ತಾ ಬಂದು ಮಣಿಕಟ್ಟು ಮುಚ್ಚಿ, ಅಂಗೈ ಮುಚ್ಚಿ, ಬೆರಳ ಗಂಟಿನ ಹತ್ತಿರ ನಿಂತಿತು.

ಟೈಲರಿಗೆ ಬಿಚ್ಚಿದ ಹೊಲಿಗೆ ಎಂದರೆ ಓದಲು ಬರುವ ಪತ್ರ. ತೋಳಿನ ಒಳಗೆ ಬಟ್ಟೆ ಬಿಟ್ಟಿದ್ದರು. ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಮಡಚುತ್ತಾ ಬಂದಿದ್ದರು, ಪ್ರತಿ ಮಡಿಕೆಗೂ ಆ ದಿನ ಮಷೀನಿನಲ್ಲಿದ್ದ ದಾರ. ಮೊದಲನೆಯದು ನೀಲಿ. ಒಳಗೆ ಎರಡಿಂಚು ಬಿಡೋಣ ಎಂದು ನಾನು ಹೇಳಿದ ವಾರ ನಾವು ಹೊಲಿಯುತ್ತಿದ್ದದ್ದು ಶಾಲೆಯ ನೀಲಿ ಯೂನಿಫಾರ್ಮು. ಮೂರನೆಯದು ಬಿಳಿ. ಆಸ್ಪತ್ರೆಯಲ್ಲಿದ್ದ ಅಮ್ಮನನ್ನು ಮನೆಗೆ ಕರೆತರೋಣ, ಅವಳಿಗೆ ಔಷಧಿಗಿಂತ ತನ್ನ ಕಿಟಕಿ ಬೇಕಾಗಿದೆ ಎಂದು ನಾನು ಆ ವಾರ ಹೇಳಿದಾಗ ಅಪ್ಪ ನನ್ನ ಮೇಲೆ ಕೂಗಾಡಿದ್ದರು. ಮಾರನೇ ದಿನ "ಡಾಕ್ಟರೇ ಹೇಳಿದ್ರು" ಎಂದು ತಾವೇ ಕರೆತಂದಿದ್ದರು. ಕೊನೆಯದು ಹಸಿರು, ಇನ್ನೂ ಹಸಿ. ಹಿಂದಿನ ಸಂಜೆಯ ಚೂಡಿದಾರದ್ದು. ಒಟ್ಟು ಹನ್ನೊಂದು ಸಾಲು. ಹನ್ನೊಂದು ಸಲ ಅಪ್ಪ ನನಗೆ ಸರಿ ಎಂದಿದ್ದರು, ಸೂಜಿಯ ಬಾಯಿಂದ.

ಮೇಲಿನಿಂದ ಬಂದ ಅರ್ಧ ಇಂಚು ನನ್ನಲ್ಲಿ ಒಂದು ದಿನವೂ ನಿಂತಿರಲಿಲ್ಲ, ಅಷ್ಟರಲ್ಲಾಗಲೇ ನಾನು ಇಂಚರಾಳಿಗೆ ಅಷ್ಟನ್ನು ಕೊಟ್ಟಾಗಿರುತ್ತಿತ್ತು. ಮಾತು ಕೆಳಗಿನಿಂದ ಮೇಲೆ ಹೋಗಿತ್ತು, ಎತ್ತರ ಮೇಲಿನಿಂದ ಕೆಳಗೆ ಬಂದಿತ್ತು. ನಡುವೆ ನಾನು ಐದಡಿ ಎರಡಿಂಚಿನಲ್ಲಿ ನಿಂತು, ಅಪ್ಪ ಏನೂ ಕೊಡಲಿಲ್ಲ ಎಂದು ಹನ್ನೆರಡು ವರ್ಷ ಗೊಣಗಿದ್ದೆ.

ಅಧ್ಯಕ್ಷರು ಕುರ್ಚಿಯಿಂದ ಎದ್ದಿದ್ದರು. ಅವರ ಮುಖದಲ್ಲಿ ನೆಂಟ ಬೇರೆ ಪಕ್ಷಕ್ಕೆ ಹಾರಿದಾಗ ಆಗುವ ನೋವಿತ್ತು.

"ಮಾಸ್ಟ್ರೇ! ನೀವೂ ಸೋತ್ರಾ? ಯಾರಿಗ್ರೀ?"

ಅಪ್ಪ ಸ್ಟೂಲಿನ ಮೇಲೆ ಕೂತು, ನಿಧಾನವಾಗಿ ಬೂಟಿನ ದಾರ ಬಿಚ್ಚಿದರು. ಬೂಟು ನೆಲಕ್ಕೆ ಬಿದ್ದ ಸದ್ದು ಇಟ್ಟಿಗೆ ಬಿದ್ದಂತಿತ್ತು. ಹಿಮ್ಮಡಿಗೆ ಪದರ ಪದರವಾಗಿ ಚರ್ಮ ಹಚ್ಚಿಸಿದ್ದರು, ಅದೂ ಹನ್ನೊಂದೇ ಇದ್ದಿರಬೇಕು. ಕಾಲಿಗೆ ಎತ್ತರ ಕೊಡಬಹುದು, ಕೈಗೆ ಕೊಡುವ ಚಮ್ಮಾರ ಎಲ್ಲೂ ಇಲ್ಲ. ಬರಿಗಾಲಿನಲ್ಲಿ ಎದ್ದು ನಿಂತಾಗ ಅಪ್ಪ ನನಗಿಂತ ನಾಲ್ಕೂವರೆ ಇಂಚು ಎತ್ತರ, ಅಷ್ಟೇ.

"ಇವನಿಗೆ" ಎಂದರು ನನ್ನ ಕಡೆ ಗಲ್ಲ ತೋರಿಸಿ. "ದತ್ತ ಹೇಳಿದ್ದು ಸರಿ ಇತ್ತು."

ಒಂದು ಸೋಲಿಗೆ ಎರಡು ಸಲ ಎತ್ತರ ಇಳಿಯುವುದಿಲ್ಲ, ಆದ್ದರಿಂದ ಅಳತೆಯಲ್ಲಿ ಏನೂ ಬದಲಾಗಲಿಲ್ಲ. ಆದರೂ ನನ್ನ ತಲೆ ಹೋಗಿ ಮಾಡಿಗೆ ತಾಗಿದ ಹಾಗಾಯಿತು. ಅದೆಲ್ಲ ಮೂಲದಲ್ಲಿ ಇಂಚರಾಳ ಮಾತು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಐವತ್ತೆರಡು ವರ್ಷ ಕಾದವನು ಐದು ನಿಮಿಷ ಇಟ್ಟುಕೊಳ್ಳಬಾರದೆ? ಬಾಗಿಲಲ್ಲಿ ಕ್ಯಾರಿಯರ್ ಹಿಡಿದು ನಿಂತಿದ್ದ ಇಂಚರ ನನ್ನನ್ನೇ ನೋಡಿ ಹುಬ್ಬು ಕುಣಿಸಿದಳು. ಪುಣ್ಯಾತ್ಗಿತ್ತಿ ಬಾಯಿ ಬಿಡಲಿಲ್ಲ.

"ಅಲ್ಲಪ್ಪಾ," ಎಂದೆ, "ಮಡಚೋ ಬದಲು ಹೆಚ್ಚಾಗಿದ್ದನ್ನ ಕತ್ತರಿಸಿ ಎಸೆದಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲವಲ್ಲ?"

"ಕೋಟು ನನ್ನೊಬ್ಬನದೇ ಏನೋ? ಮುಂದೆ ಹಾಕ್ಕೊಳ್ಳೋರಿಗೆ ತೋಳು ಬೇಡ್ವಾ?"

"ನನಗೆ ಅದು ಉದ್ದ ಆಗುತ್ತೆ."

"ನನಗೆ ಸರಿಹೋಗುತ್ತೆ" ಎಂದಳು ಇಂಚರ ಒಳಗೆ ಬರುತ್ತಾ. "ಜೇಬೂ ಇದೆ."

ಅಧ್ಯಕ್ಷರಿಗೆ ಇದ್ಯಾವುದೂ ಬೇಕಿರಲಿಲ್ಲ. "ಅದೆಲ್ಲ ಸರಿ, ನನ್ನ ಕೋಟು ಯಾರು ಕತ್ತರಿಸ್ತಾರೆ? ಅಪ್ಪನಿಗೆ ಎಟುಕಲ್ಲ, ಮಗನಿಗೆ ಎಟುಕಲ್ಲ."

ನಾವಿಬ್ಬರೂ ಮೇಲೆ ನೋಡಿದೆವು. ಇಂಚರಾಳಿಗೆ ಎಟುಕೀತೇ ಎಂದು ಅಪ್ಪ ಕಣ್ಣಲ್ಲೇ ಅಳೆದರು. ಇಲ್ಲ, ಇನ್ನೂ ಒಂದು ಗೇಣು ಬೇಕು. ಹಾಗಾದರೆ ಅಂಗಡಿ ಮುಚ್ಚಬೇಕೆ?

"ತಾತ," ಎಂದಳು ಇಂಚರ, "ಮೊಳೆ ಕಿತ್ತು ಕೆಳಗೆ ಹೊಡೆದ್ರೆ ಆಗಲ್ವಾ?"

ಎರಡು ತಲೆಮಾರು ಆ ಮೊಳೆಗಾಗಿ ಬೆಳೆಯಲು ನೋಡಿದೆವು, ಕುಗ್ಗಿದ್ದನ್ನು ಬಚ್ಚಿಟ್ಟೆವು, ಎಗರಿದೆವು. ಮೊಳೆಗೆ ಜಾಗ ಬದಲಾಯಿಸಲು ಬರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ನೋಡುತ್ತಿದ್ದ ಹಾಗೆಯೇ ಇಬ್ಬರೂ ಒಟ್ಟಿಗೆ ಅರ್ಧರ್ಧ ಇಂಚು ಇಳಿದೆವು. ಇಂಚರಾಳ ಚೂಡಿದಾರದ ಪ್ಯಾಂಟು ಒಂದೇ ಏಟಿಗೆ ಒಂದಿಂಚು ಮೇಲೆ ಹೋಯಿತು.

"ಭಲೆ! ಹುಡುಗಿ ಬುದ್ಧಿವಂತೆ" ಎಂದರು ಅಧ್ಯಕ್ಷರು ಧಾರಾಳವಾಗಿ. ಬೇರೆಯವರ ಮಕ್ಕಳನ್ನು ಒಪ್ಪಿದರೆ ನಮ್ಮೂರಿನಲ್ಲಿ ಎತ್ತರಕ್ಕೆ ಏನೂ ಆಗುವುದಿಲ್ಲ.

ಇಂಚರ ಸ್ಟೂಲು ಹತ್ತಿ ಮೊಳೆ ಕಿತ್ತಳು. ಎಲ್ಲಿ ಹೊಡೆಯಬೇಕು ಎಂದು ಮತ್ತೆ ಹತ್ತು ನಿಮಿಷ ಜಗಳವಾಯಿತು. ಕೊನೆಗೆ ನನ್ನ ಭುಜದ ಮಟ್ಟಕ್ಕೆ ಹೊಡೆದಳು. ಅವಳ ಕೈಯೂ ಬರುತ್ತದೆ, ಅಪ್ಪನ ಕೈಯೂ ಬರುತ್ತದೆ. ಕತ್ತರಿ ತೂಗಿತು. ಅಪ್ಪ ನನ್ನನ್ನು ನೋಡಿ "ಏನೋ ಕಣ್ಣು ಬಿಡ್ತೀಯ? ತಗೋ" ಎಂದರು.

ತೆಗೆದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಹಿಡಿಯ ಕಬ್ಬಿಣದಲ್ಲಿ ಅಪ್ಪನ ಹೆಬ್ಬೆರಳಿನ ತಗ್ಗು ಇತ್ತು, ಅದರ ಕೆಳಗೆ ಇನ್ನೊಂದು ಹಳೇ ತಗ್ಗು, ತಾತನದಿರಬೇಕು. ನನ್ನ ಹೆಬ್ಬೆರಳು ಎರಡರ ನಡುವೆ ಹೋಗಿ ಕೂತಿತು.

ಅಧ್ಯಕ್ಷರ ಬಟ್ಟೆಗೆ ಸುಣ್ಣದ ಗೆರೆ ಎಳೆಯುತ್ತಿದ್ದೆ. ಅವರು ಮೇಜಿನ ಮೇಲೆ ಬಾಗಿ, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ದತ್ತಣ್ಣ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತೀನಿ. ಒಳಗೆ ಮಡಚಿದ್ದು ಹೊರಗೆ ಕಾಣಲ್ಲ ತಾನೇ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪ್ಪನ ಗಂಟಲು ಕೇಳಿಸಿತು. ಬರಿಗಾಲಲ್ಲಿ, ಬೆರಳು ಮುಚ್ಚಿದ ತೋಳಿನಲ್ಲಿ, ಕೈಕಟ್ಟಿ ನಿಂತಿದ್ದರು.

"ಒಳಗೆ ಎರಡಿಂಚು ಬಟ್ಟೆ ಬಿಡೋ ದತ್ತ. ಕೋಟು ಅಂದ್ಮೇಲೆ ಬಿಡಲೇಬೇಕು. ಮೊದಲಿಂದ ಹೇಳ್ತಾನೇ ಇದ್ದೀನಿ ಸ್ವಾಮಿ, ಇವನು ನನ್ನ ಮಾತು ಕೇಳಿದ್ರೆ ತಾನೇ!"

ಇಂಚರ ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಹನ್ನೆರಡು ವರ್ಷದ ಜಗಳವೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಅಲ್ಲೇ ಒಳಕ್ಕೆ ಮಡಚಿದೆ.

"ಹೌದಪ್ಪಾ, ನೀವು ಹೇಳಿದ್ದೇ ಸರಿ" ಎಂದೆ.

ಕಿರಿಯರು ಹಿರಿಯರಿಗೆ ಈ ಮಾತು ಹೇಳಿದರೆ ನಮ್ಮೂರಿನಲ್ಲಿ ಯಾರ ಎತ್ತರವೂ ಬದಲಾಗುವುದಿಲ್ಲ. ಆದರೂ ಅಪ್ಪ ಇದ್ದಲ್ಲೇ ಸ್ವಲ್ಪ ನೆಟ್ಟಗಾದರು. ನಾನು ಗೆರೆಯಿಂದ ಎರಡಿಂಚು ಆಚೆಗೆ ಕತ್ತರಿ ಇಟ್ಟೆ.